ಒಂದು ನಲವತ್ತರ ಕೂಗು

ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯ ಮೇಲೆ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಕಲ್ಲು ಕ್ವಾರಿಯಲ್ಲಿ ಮ್ಯಾನೇಜರಿಂದ ಹಿಡಿದು ಲಾರಿ ಕ್ಲೀನರವರೆಗೆ ಎಲ್ಲರಿಗೂ ಅವಳು ಕೂಗಮ್ಮ. ಬಂಡೆ ಸಿಡಿಸುವ ಮೊದಲು ಸೈರನ್ ಕೂಗಿಸುವುದು ಅವಳ ಕೆಲಸ. ಇಪ್ಪತ್ಮೂರು ವರ್ಷದಿಂದ ಅದೊಂದೇ ಕೆಲಸ. ಮನೆಯಲ್ಲಿ ಮಾತ್ರ ದನಿಯೇ ಇಲ್ಲದ ಹೆಂಗಸು. ‘ಕೂಗೋದಕ್ಕೆ ಸಂಬಳ ಕೊಡ್ತಾರೆ, ಮನೇಲಿ ಬಿಟ್ಟಿ ಯಾಕೆ ಕೂಗಲಿ’ ಅನ್ನುತ್ತಿದ್ದಳು.

ಕಲ್ಲು ತೆಗೆದ ಗುಂಡಿಯ ತೆಂಕಣ ಅಂಚಿನಲ್ಲಿ ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ಅವಳ ಕ್ಯಾಬಿನ್. ಮೂರು ಕಡೆ ಗಾಜು, ಒಂದು ಕಡೆ ಬಾಗಿಲು. ಒಳಗೆ ಒಂದು ಸ್ಟೂಲು, ಗೋಡೆ ಗಡಿಯಾರ, ಮೊಳೆಗೆ ನೇತು ಹಾಕಿದ ದುರ್ಬೀನು, ಸೈರನ್ನಿನ ಕೆಂಪು ಬಟನ್ನಿದ್ದ ಪೆಟ್ಟಿಗೆ. ವಾರಕ್ಕೆ ಮೂರು ದಿನ ಮಧ್ಯಾಹ್ನ ಎರಡಕ್ಕೆ ಸಿಡಿತ. ಒಂದು ಐವತ್ತಕ್ಕೆ ಮೊದಲ ಸೈರನ್, ಎಲ್ಲರೂ ಗುಂಡಿ ಬಿಟ್ಟು ಹೊರಗೆ. ಐವತ್ತೈದಕ್ಕೆ ಎರಡನೆಯದು, ಗೇಟು ಬಂದ್. ಐವತ್ತೊಂಬತ್ತಕ್ಕೆ ಮೂರನೆಯದು. ಆಮೇಲೆ ಗುಂಡಿಯ ಆಚೆ ಬದಿಯಿಂದ ಮದ್ದಿನ ಮೇಸ್ತ್ರಿ ಸಿಡಿತದ ಬಟನ್ನು ಒತ್ತುತ್ತಿದ್ದ, ಬೆಟ್ಟದ ಹೊಟ್ಟೆ ಬಿರಿಯುತ್ತಿತ್ತು. ಮೂರನೆಯ ಸೈರನ್ ಬಾರದೆ ಮೇಸ್ತ್ರಿ ಒತ್ತುತ್ತಿರಲಿಲ್ಲ. ಕಣ್ಣಳತೆಯಲ್ಲಿ ಮನುಷ್ಯನ ನೆರಳು ಅಲ್ಲಾಡಿದರೂ ಕೂಗಮ್ಮ ಮೂರನೆಯದು ಕೊಡುತ್ತಿರಲಿಲ್ಲ. ಅವರಿಬ್ಬರ ನಡುವಿನ ಒಪ್ಪಂದ ಇಷ್ಟೇ. ಇಪ್ಪತ್ಮೂರು ವರ್ಷದಲ್ಲಿ ಆ ಗುಂಡಿಯಲ್ಲಿ ಸಿಡಿತಕ್ಕೆ ಒಂದು ಹೆಣವೂ ಬಿದ್ದಿರಲಿಲ್ಲ. ಧೂಳಿಗೆ ಬಿದ್ದವು ಬೇರೆ. ಅವಳ ಗಂಡನೇ ಬಂಡೆಗೆ ಕುಳಿ ಕೊರೆಯುತ್ತ, ಕಲ್ಲಿನ ಪುಡಿ ಎದೆಗೆ ಕೂತು, ಮೂವತ್ತಾರಕ್ಕೆ ಹೋಗಿದ್ದ. ಕಂಪನಿ ಕೈತೊಳೆದುಕೊಳ್ಳಲು ನೋಡಿದಾಗ ಆಫೀಸಿನ ಮೆಟ್ಟಿಲ ಮೇಲೆ ಮೂರು ದಿನ ಕೂತು ಅವಳಿಗೆ ಈ ಕ್ಯಾಬಿನ್ನೂ, ಅದರ ಜೊತೆಗೆ ಬರುವ ಒಂದು ಕೋಣೆಯ ಮನೆಯೂ ಕೊಡಿಸಿದವನು ಇದೇ ಮೇಸ್ತ್ರಿ.

ಮೂರು ಸೈರನ್ ಲೆಕ್ಕದಲ್ಲಿದ್ದವು. ಲೆಕ್ಕದಲ್ಲಿಲ್ಲದ ಒಂದಿತ್ತು. ಒಂದು ನಲವತ್ತಕ್ಕೆ, ಅರ್ಧ ಉಸಿರಿನಷ್ಟು, ‘ಕುಂಯ್’ ಎಂದು ಒಂದು ತುಂಡು ಕೂಗು. ‘ಸೈರನ್ನು ಗಂಟಲು ಸರಿಮಾಡ್ಕೊಳ್ತಿದೆ’ ಎಂದು ಕೆಲಸದವರು ನಗುತ್ತಿದ್ದರು. ಬುತ್ತಿ ಡಬ್ಬಿ ಮುಚ್ಚುವುದಕ್ಕೆ ಅದೇ ಗುರುತಾಗಿಹೋಗಿತ್ತು. ಯಾಕೆ ಎಂದು ಒಬ್ಬನೂ ಕೇಳಿರಲಿಲ್ಲ.

ಅದರ ಹಿಂದೆ ಒಂದು ಹಕ್ಕಿಯಿತ್ತು.

ಅವಳು ಕ್ಯಾಬಿನ್ ಹತ್ತಿದ ಎರಡನೆಯ ವರ್ಷ. ಮಗಳಿಗೆ ಆರು. ಶಾಲೆಗೆ ರಜೆ ಎಂದು ಹುಡುಗಿ ಅಮ್ಮನಿಗೆ ಬುತ್ತಿ ತರಲು ಹೊರಟು, ಗೇಟಿನವನ ಕಣ್ಣು ತಪ್ಪಿಸಿ, ಜಲ್ಲಿ ಗುಡ್ಡೆಗಳ ಹಿಂದಿನಿಂದ ಹತ್ತಿರದ ದಾರಿ ಹಿಡಿದಿತ್ತು. ಗಡಿಯಾರದಲ್ಲಿ ಒಂದು ಐವತ್ತೊಂಬತ್ತು. ಕೂಗಮ್ಮನ ಬೆರಳು ಕೆಂಪು ಬಟನ್ನಿನ ಮೇಲೆ. ಆಗ ಜಲ್ಲಿ ಗುಡ್ಡೆಯ ಹಿಂದಿನಿಂದ ಒಂದು ಟಿಟ್ಟಿಭ ಎದ್ದು ಬೊಬ್ಬೆ ಹೊಡೆಯತೊಡಗಿತು. ಅದು ಬಯಲು ಕಲ್ಲುಗಳ ನಡುವೆಯೇ ಮೊಟ್ಟೆಯಿಡುವ ಹಕ್ಕಿ. ಮೊಟ್ಟೆಯೂ ಕಲ್ಲಿನ ಬಣ್ಣವೇ. ಹತ್ತಿರ ಯಾರಾದರೂ ಸುಳಿದರೆ ಊರನ್ನೇ ಎಬ್ಬಿಸುತ್ತದೆ. ಕೂಗಮ್ಮ ಬೆರಳು ತೆಗೆದು ದುರ್ಬೀನು ಹಿಡಿದಳು. ಹಕ್ಕಿ ಮೇಲಿಂದ ಎರಗೆರಗಿ ಯಾವುದನ್ನೋ ಕುಕ್ಕಲು ನೋಡುತ್ತಿತ್ತು. ಗುಡ್ಡೆಯ ಅಂಚಿಗೆ ಮೊದಲು ಕಂಡದ್ದು ಬುತ್ತಿಯ ಡಬ್ಬಿ. ಅದನ್ನು ತಲೆಯ ಮೇಲೆ ಗುರಾಣಿಯ ಹಾಗೆ ಹಿಡಿದು ಬಗ್ಗಿ ಓಡುತ್ತಿದ್ದದ್ದು ಅವಳ ಮಗಳು.

ಮೂರನೆಯ ಸೈರನ್ ಅವತ್ತು ಕೂಗಲಿಲ್ಲ. ಮಗಳ ಬೆನ್ನಿಗೆ ನಾಲ್ಕು ಬಿಟ್ಟದ್ದೂ, ಆಮೇಲೆ ಅಪ್ಪಿಕೊಂಡು ಕೂತದ್ದೂ ಆಯಿತು. ಮರುದಿನ ಕೂಗಮ್ಮನ ತಲೆಗೆ ಹೊಳೆದದ್ದು ಇಷ್ಟು: ಮನುಷ್ಯರಿಗೆ ಹತ್ತು ನಿಮಿಷ ಮೊದಲು ಹೇಳುತ್ತೇವೆ. ಗೇಟಿದೆ, ಹೆಲ್ಮೆಟ್ಟಿದೆ, ಲಾರಿಯಿದೆ. ಎಳೆ ಮರಿ ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ಹೋಗಬೇಕಾದದ್ದಕ್ಕೆ ಹತ್ತು ನಿಮಿಷ ಎಲ್ಲಿ ಸಾಕು? ಅವತ್ತಿನಿಂದ ಒಂದು ನಲವತ್ತಕ್ಕೆ ‘ಕುಂಯ್’ ಶುರುವಾಯಿತು. ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ವರ್ಷ ಟಿಟ್ಟಿಭಗಳು ತಲೆ ಎತ್ತಿದವು. ಮೂರನೆಯ ವರ್ಷಕ್ಕೆ ಅವು ಕೂಗು ಕೇಳಿದ ಕೂಡಲೇ ಮರಿಗಳನ್ನು ಎಬ್ಬಿಸಿಕೊಂಡು ನಡೆಯುವುದು ಅವಳ ಗಾಜಿನಲ್ಲಿ ಕಂಡಿತು. ಹಿಂದೆ ಮೊಲ, ಉಡ, ಒಂದೊಂದು ಸಲ ನರಿ. ಎಲ್ಲಿಗೆ ಹೋಗುತ್ತವೆ ಎಂಬುದು ಮಾತ್ರ ಅವಳ ಕ್ಯಾಬಿನ್ನಿಗೆ ಕಾಣುತ್ತಿರಲಿಲ್ಲ. ಬಡಗಣ ದಿಬ್ಬ ದಾಟಿ ಮರೆಯಾಗುತ್ತಿದ್ದವು.

ಇದು ಪುಣ್ಯದ ಕೆಲಸ ಎಂದು ಅವಳು ಯಾವತ್ತೂ ಅಂದುಕೊಂಡವಳಲ್ಲ. ಪಕ್ಕದ ಮನೆಯವರು ಬೆಂಕಿ ಕೊಟ್ಟರೆ ತಿರುಗಿ ಒಂದು ಹಿಡಿ ಉಪ್ಪು ಕೊಡುವುದಿಲ್ಲವೇ, ಹಾಗೆ.

ಅವಳು ನಿವೃತ್ತಿಯಾಗಲು ಹದಿನಾಲ್ಕು ತಿಂಗಳಿದ್ದಾಗ ಕಂಪನಿ ಗುಂಡಿಯನ್ನು ಬಡಗಣ ದಿಬ್ಬದ ಕಡೆ ಹಿಗ್ಗಿಸಲು ಹೊರಟಿತು. ಸರ್ಕಾರ ಒಪ್ಪಬೇಕಾದರೆ ಅಲ್ಲಿನ ಕಾಡುಜೀವಿಗಳಿಗೆ ಏನಾಗುತ್ತದೆ ಎಂದು ಯಾರಾದರೂ ಅಳೆದು ವರದಿ ಬರೆಯಬೇಕು. ಬಂದವಳು ಒಬ್ಬ ಸಣಕಲು ಹುಡುಗಿ, ಬೆನ್ನಿಗೆ ಅವಳಿಗಿಂತ ದೊಡ್ಡ ಚೀಲ. ಸರ್ವೆ ಮೇಡಂ ಎಂದು ಕರೆದರೆ ‘ಮೇಡಂ ಬೇಡ’ ಅನ್ನುತ್ತಿದ್ದಳು. ಕೊನೆಗೆ ಎಲ್ಲರೂ ಸರ್ವೆ ಹುಡುಗಿ ಎಂದೇ ಅಂದರು. ನಾಲ್ಕು ತಿಂಗಳು ಗುಂಡಿಯ ಸುತ್ತ ಕ್ಯಾಮೆರಾ ಪೆಟ್ಟಿಗೆ ಕಟ್ಟಿದಳು, ಸದ್ದು ಅಳೆದಳು, ಹಿಕ್ಕೆ ಹೆಕ್ಕಿ ಪೊಟ್ಟಣ ಕಟ್ಟಿದಳು. ಬಡಗಣ ದಿಬ್ಬದ ಆಚೆಗೂ ಎಂಟು ಬೆಳಗ್ಗೆ ನಡೆದಳು. ಒಣ ಹುಲ್ಲು, ಕುರುಚಲು, ಬೋಳು ಬಂಡೆ. ಒಂದು ಹಕ್ಕಿಯ ಪುಕ್ಕವೂ ಸಿಗಲಿಲ್ಲ. ಸಿಡಿತದ ಹೊತ್ತಿಗೆ ಅಲ್ಲಿಗೆ ಯಾರೂ ಹೋಗುವಂತಿಲ್ಲ, ಮೇಸ್ತ್ರಿಯೊಬ್ಬನನ್ನು ಬಿಟ್ಟು. ಅವನು ಬಟನ್ನು ಒತ್ತುವ ತಗಡಿನ ಮರೆ ಇದ್ದದ್ದು ಅಲ್ಲೇ, ದೊಡ್ಡ ಬಂಡೆಯ ಬೆನ್ನಿಗೆ.

ಸಿಡಿತದ ದಿನಗಳಲ್ಲಿ ಹುಡುಗಿ ಸದ್ದಿನ ಮೀಟರು ಹಿಡಿದು ಕ್ಯಾಬಿನ್ನಿನಲ್ಲೇ ಕೂರುತ್ತಿದ್ದಳು. ಇಬ್ಬರೂ ಚಹಾ ಕುಡಿಯುತ್ತಿದ್ದರು. ಒಂದು ನಲವತ್ತರ ಕುಂಯ್ ಕೇಳಿ ಒಮ್ಮೆ ‘ಇದೇನಮ್ಮ’ ಎಂದದ್ದಕ್ಕೆ ಕೂಗಮ್ಮ, ‘ಟೆಸ್ಟಿಂಗು’ ಎಂದು ಲೋಟ ತೊಳೆಯಲು ಎದ್ದಿದ್ದಳು.

ವರದಿ ಮುಗಿದ ದಿನ ಹುಡುಗಿ ಒಂದು ಪೊಟ್ಟಣ ಬಿಸ್ಕತ್ತು ಹಿಡಿದು ಬಂದಳು. ಮುಖದಲ್ಲಿ ಕೆಲಸ ಮುಗಿಸಿದವರ ಹಗುರ.

‘ಕಂಪನಿ ದುಡ್ಡಲ್ಲಿ ಬರೆಯೋ ವರದಿ ಅಂತ ಎಲ್ಲರೂ ನಗ್ತಾರಮ್ಮ. ನಾನು ಒಂದಕ್ಷರ ಸುಳ್ಳು ಬರೆದಿಲ್ಲ.’

‘ಏನು ಬರೆದೆ, ಹೇಳು ನೋಡೋಣ.’

‘ಇಲ್ಲಿ ಪ್ರಾಣಿಗಳು ಸಿಡಿತಕ್ಕೆ ಹೊಂದ್ಕೊಂಡಿವೆ. ನಾಲ್ಕು ತಿಂಗಳಲ್ಲಿ ಒಂದೂ ಹೆದರಿ ಓಡಿದ್ದು ಕ್ಯಾಮೆರಾದಲ್ಲಿಲ್ಲ. ಒಂದೂ ಸತ್ತಿಲ್ಲ. ಸಿಡಿತ ಆಗಿ ಅರ್ಧ ಗಂಟೆಗೆ ಟಿಟ್ಟಿಭ ಮರಿ ಮೇಯಿಸ್ತಾ ವಾಪಸ್ ಬಂದಿರುತ್ತೆ. ಬೇರೆ ಯಾವ ಕ್ವಾರೀಲೂ ನಾನು ಹಿಂಗೆ ನೋಡಿಲ್ಲ. ಬಡಗಣ ಇಳಿಜಾರಂತೂ ಖಾಲಿ. ಅಲ್ಲಿಗೆ ಗುಂಡಿ ಬಂದ್ರೆ ಹೆಚ್ಚಿನ ತೊಂದರೆ ಏನೂ ಕಾಣಲ್ಲ.’

ಕೂಗಮ್ಮನ ಬಾಯಲ್ಲಿದ್ದ ಬಿಸ್ಕತ್ತು ಹಿಟ್ಟಾಗಿ ನಾಲಿಗೆಗೆ ಅಂಟಿತು. ಅವು ಹೆದರದೆ ಇದ್ದದ್ದು ಅಭ್ಯಾಸವಾಗಿ ಅಲ್ಲ, ಸಿಡಿಯುವ ಹೊತ್ತಿಗೆ ಅವು ಅಲ್ಲಿ ಇರುತ್ತಲೇ ಇರಲಿಲ್ಲವಾಗಿ. ಇಪ್ಪತ್ತೊಂದು ವರ್ಷ ತಾನು ಕದ್ದು ಕೊಟ್ಟ ಕೂಗೇ ಇವತ್ತು ಕಂಪನಿಯ ಪರ ಸಾಕ್ಷಿಯಾಗಿ ನಿಂತಿತ್ತು. ಅವು ಓಡಿಹೋಗಿ ಅಡಗುವ ಜಾಗಕ್ಕೇ ಗುಂಡಿ ತೋಡಲು ಕಾಗದ ತಯಾರಾಗಿತ್ತು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡರೆ ಕಾಲು ತನ್ನದು. ಇಲ್ಲಿ ಕಾಲು ಬೇರೆಯವರದು.

ಹೇಳಿದರೆ ಏನಾಗುತ್ತದೆ ಎಂದೂ ಗೊತ್ತಿತ್ತು. ಅಪ್ಪಣೆಯಿಲ್ಲದೆ ಸೈರನ್ ಊದುವುದು ಕ್ವಾರಿಯಲ್ಲಿ ಸಣ್ಣ ತಪ್ಪಲ್ಲ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ.

‘ವರದಿ ಯಾವತ್ತು ಕೊಡ್ತೀಯ?’

‘ಸೋಮವಾರ.’

ಅವತ್ತು ಸಂಜೆ ಅವಳು ಮಗಳ ಮನೆಗೆ ಹೋದಳು. ಮಗಳು ಈಗ ಸಿಟಿ ಬಸ್ಸಿನ ಕಂಡಕ್ಟರು. ಡ್ಯೂಟಿ ಮುಗಿಸಿ ಬಂದು, ಯೂನಿಫಾರಂ ಬಿಚ್ಚದೆ, ಕಾಲು ಚಾಚಿ ನೆಲಕ್ಕೆ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಅಮ್ಮ ಎಲ್ಲ ಹೇಳಿ ಮುಗಿಸುವವರೆಗೂ ತಲೆ ಎತ್ತಲಿಲ್ಲ.

‘ನನಗೆ ಅವತ್ತಿಂದು ಏನೂ ನೆನಪಿಲ್ಲ’ ಎಂದಳು. ‘ಹಕ್ಕಿ ತಲೆಗೆ ಕುಕ್ಕಕ್ಕೆ ಬಂದಿದ್ದು ಒಂದು, ನೀನು ಹೊಡೆದಿದ್ದು ಒಂದು.’

‘ಹೊಡೆದಿದ್ದು ಚೆನ್ನಾಗಿ ನೆನಪಿರುತ್ತೆ ನಿಂಗೆ.’

‘ಇನ್ನು ಹತ್ತು ತಿಂಗಳು ಬಾಯಿ ಮುಚ್ಕೊಂಡಿದ್ರೆ ಮಾಲೆ ಹಾಕಿ ಕಳಿಸ್ತಾರಮ್ಮ.’

‘ಹಾಕ್ತಾರೆ. ಆಮೇಲೆ ಆ ಮಾಲೆ ಎಲ್ಲಿ ಇಟ್ಕೊಳ್ಳಲಿ? ನೀನು ಇವತ್ತು ಇಲ್ಲಿ ಕೂತು ನನಗೆ ಬುದ್ಧಿ ಹೇಳ್ತಿರೋದು ಯಾರಿಂದ?’

ಮಗಳು ಈರುಳ್ಳಿಯ ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ಉರಿ ತಂದುಕೊಂಡಳು. ‘ಸರಿ. ಕೋಣೆ ಹೋದ್ರೆ ಇಲ್ಲಿ ಬಂದಿರು. ಆದ್ರೆ ನನ್ನ ಅಡುಗೆಗೆ ಹೆಸರಿಡಬಾರದು, ಈಗಲೇ ಹೇಳಿದೀನಿ.’

‘ಅದು ಕಷ್ಟ’ ಎಂದಳು ಕೂಗಮ್ಮ. ಆದರೆ ಬಸ್ಸಿಗೆ ವಾಪಸು ನಡೆಯುವಾಗ ಅವಳ ಹೆಜ್ಜೆ ಬಂದಾಗಿನಷ್ಟು ಭಾರವಿರಲಿಲ್ಲ. ಹೆತ್ತದ್ದು ದಂಡವಾಗಲಿಲ್ಲ ಎಂದುಕೊಂಡಳು.

ಮರುದಿನ ಸರ್ವೆ ಹುಡುಗಿಯನ್ನು ಕ್ಯಾಬಿನ್ನಿಗೆ ಕರೆಸಿ ಬಾಗಿಲು ಹಾಕಿ ಹೇಳಿದಳು. ಹುಡುಗಿ ಮೊದಲು ನಗಲು ಹೋದಳು, ಆಮೇಲೆ ಸ್ಟೂಲಿನ ಮೇಲೆ ಕೂತಳು, ಆಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದಳು.

‘ಅಳತೆ ಎಲ್ಲ ಸರಿಯಾಗೇ ಮಾಡಿದೀನಲ್ಲಮ್ಮ.’

‘ಅಳತೆ ಸರಿ ಇದೆ ತಾಯಿ. ಅಳೆದ ಹೊತ್ತು ತಪ್ಪು.’

‘ನಿಮ್ಮ ಬಾಯಿಮಾತು ಬರೆದ್ರೆ ಯಾರೂ ಒಪ್ಪಲ್ಲ. ತೋರಿಸ್ಬೇಕು.’ ಹುಡುಗಿ ಚೀಲದಿಂದ ಪುಸ್ತಕ ತೆಗೆದು ಸಿಡಿತದ ದಿನಗಳನ್ನು ನೋಡಿದಳು. ‘ಒಂದು ದಿನ ನೀವು ಕುಂಯ್ ಕೊಡಬೇಡಿ. ಸಿಡಿತ ಆಗಲಿ. ಏನಾಗುತ್ತೆ ಅಂತ ಕ್ಯಾಮೆರಾದಲ್ಲಿ ಬರುತ್ತೆ.’

ಕೂಗಮ್ಮ ಕಿಟಕಿಯಾಚೆ ನೋಡಿದಳು. ಜಲ್ಲಿಯ ಅಂಚಿನಲ್ಲಿ ಒಂದು ಟಿಟ್ಟಿಭ, ಹಿಂದೆ ಮೂರು ಮರಿ. ಹತ್ತಿಯ ಉಂಡೆಗೆ ಕಾಲು ಬಂದ ಹಾಗೆ.

‘ಅದಾಗಲ್ಲ. ಇಪ್ಪತ್ತೊಂದು ವರ್ಷ ನಂಬಿಸಿ ಒಂದು ದಿನ ಕತ್ತು ಕುಯ್ಯೋ ಕೆಲಸ ನನ್ನಿಂದ ಆಗಲ್ಲ. ತಿರುಗಿಸಿ ಮಾಡು. ಭಾನುವಾರ ಕ್ವಾರಿ ರಜೆ. ಸಿಡಿತ ಇಲ್ಲ. ಒಂದು ನಲವತ್ತಕ್ಕೆ ನಾನು ಕುಂಯ್ ಕೊಡ್ತೀನಿ. ನಿನ್ನ ಪೆಟ್ಟಿಗೆಗಳನ್ನ ದಿಬ್ಬದ ಆಚೆ ಕಟ್ಟು. ಸದ್ದೇ ಇಲ್ಲದ ದಿನ ಅವು ಅಲ್ಲಿಗೆ ಬಂದ್ರೆ, ಯಾಕೆ ಬಂದ್ವು ಅಂತ ನಿನ್ನ ಸರ್ಕಾರಕ್ಕೂ ಅರ್ಥ ಆಗುತ್ತೆ.’

ಹುಡುಗಿ ಅವಳನ್ನೇ ದಿಟ್ಟಿಸಿದಳು. ‘ಅಮ್ಮ, ನೀವು ಎಲ್ಲಿವರೆಗೆ ಓದಿದೀರಿ?’

‘ಗಡಿಯಾರ ನೋಡೋಷ್ಟು.’

ಭಾನುವಾರ ಯಂತ್ರಗಳೆಲ್ಲ ಬಾಯಿ ಮುಚ್ಚಿದ್ದವು. ಕ್ಯಾಬಿನ್ನಿನ ಗಾಜು ಬಿಸಿಯಾಗಿತ್ತು. ಒಂದು ನಲವತ್ತಕ್ಕೆ ಕೂಗಮ್ಮ ಬೆರಳು ಇಟ್ಟಳು, ತೆಗೆದಳು. ಕುಂಯ್. ಟಿಟ್ಟಿಭ ತಲೆ ಎತ್ತಿತು, ಒಂದು ಸಲ ಕರೆಯಿತು, ಮರಿಗಳನ್ನು ಮುಂದೆ ಬಿಟ್ಟುಕೊಂಡು ದಿಬ್ಬದ ಕಡೆ ನಡೆಯಿತು. ಕೂಗಮ್ಮ ದುರ್ಬೀನು ಕೆಳಗಿಟ್ಟು, ‘ಸದ್ಯ’ ಎಂದಳು.

ಸಂಜೆ ಹುಡುಗಿ ಪೆಟ್ಟಿಗೆ ಬಿಚ್ಚಿ ತಂದು ಪುಟ್ಟ ಪರದೆಯಲ್ಲಿ ಒಂದೊಂದೇ ಚಿತ್ರ ತೋರಿಸಿದಳು. ಒಂದು ನಲವತ್ತಾರು: ಎರಡು ಮೊಲ. ನಲವತ್ತೊಂಬತ್ತು: ಟಿಟ್ಟಿಭ, ಮೂರು ಮರಿ. ಐವತ್ತು: ಬಂಡೆಯ ಬಿರುಕಿಗೆ ನುಗ್ಗುವ ಉಡದ ಬಾಲ. ಐವತ್ತೆರಡು: ನರಿ, ಬಾಯಲ್ಲಿ ತನ್ನ ಮರಿ. ಮತ್ತೊಂದು ಟಿಟ್ಟಿಭದ ಸಂಸಾರ. ಒಂದು ಐವತ್ತೈದರ ಚಿತ್ರಕ್ಕೆ ಬಂದು ಹುಡುಗಿ ಗಕ್ಕನೆ ನಿಂತಳು.

ಬನಿಯನ್ನು, ಪಟ್ಟೆ ಚಡ್ಡಿ, ತಲೆಯ ಮೇಲೆ ಹೆಲ್ಮೆಟ್ಟು. ಕಾಲಲ್ಲಿ ಹವಾಯಿ ಚಪ್ಪಲಿ. ಮದ್ದಿನ ಮೇಸ್ತ್ರಿ.

ಅವನನ್ನು ಕರೆಸಿದರು. ಅರವತ್ತರ ಹತ್ತಿರದ ಮನುಷ್ಯ, ಚಿತ್ರ ನೋಡಿ ಕಿವಿಯವರೆಗೂ ಕೆಂಪಾದ.

‘ಊಟ ಮಾಡಿ ಮಲಗಿದ್ದೆ. ಕುಂಯ್ ಅಂತು. ಕಾಲು ತಾನೇ ಎದ್ದು ಹೊರಟ್ವು. ಮರೆಗೆ ಬಂದು ಕೂತ ಮೇಲೆ, ಎಲಾ, ಇವತ್ತು ಭಾನುವಾರ ಅಲ್ವಾ ಅನ್ನಿಸ್ತು.’

‘ನೀವೂ ಅವುಗಳ ಜೊತೆಗೇ ಸೇರಿಬಿಟ್ರಿ ಮೇಸ್ತ್ರಿ’ ಎಂದಳು ಕೂಗಮ್ಮ.

‘ಸೇರಿ ಎಷ್ಟು ವರ್ಷ ಆಯ್ತು. ನಾನು ಅಲ್ಲಿ ಒಬ್ನೇ ಕೂತು ಒತ್ತುತೀನಿ ಅಂತ ತಿಳ್ಕೊಂಡಿದ್ಯಾ? ಮೊಲ ಎಡಕ್ಕೆ, ಹಕ್ಕಿ ಬಲಕ್ಕೆ. ನರಿ ಸ್ವಲ್ಪ ದೂರ ಕೂರುತ್ತೆ, ಅದಕ್ಕೆ ಮರ್ಯಾದೆ ಜಾಸ್ತಿ. ಸಿಡಿದಾಗ ಎಲ್ಲರೂ ಒಟ್ಟಿಗೆ ತಲೆ ತಗ್ಗಿಸ್ತೀವಿ. ಮರಿ ಇನ್ನೂ ದಾರೀಲಿದ್ರೆ ನಾನು ಅರ್ಧ ನಿಮಿಷ ತಡ ಮಾಡಿದ್ದೂ ಉಂಟು.’

ಒಂದೊಂದು ದಿನ ಮೂರನೆಯ ಸೈರನ್ ಕೊಟ್ಟ ಮೇಲೂ ಸಿಡಿತ ತಡವಾಗುತ್ತಿತ್ತು. ಮುದುಕನ ಕೈ ನಿಧಾನವಾಯಿತು ಎಂದು ಕೂಗಮ್ಮ ಬೈದುಕೊಂಡಿದ್ದಳು.

‘ನನ್ನ ಕುಂಯ್ ಯಾಕೆ ಅಂತ ಗೊತ್ತಿತ್ತಾ ನಿಮಗೆ?’

‘ಗೊತ್ತಿಲ್ದೆ ಏನು? ಅವತ್ತು ಮೂರನೇದು ಬರಲಿಲ್ಲ ಅಂತ ದಿಬ್ಬ ಹತ್ತಿ ನೋಡಿದಾಗ ನಿನ್ನ ಮಗಳು ಡಬ್ಬಿ ಹಿಡ್ಕೊಂಡು ಓಡಿ ಬಂದಿದ್ದೂ, ಹಕ್ಕಿ ಎರಗಿದ್ದೂ ನನಗೂ ಕಂಡಿತ್ತು.’

‘ನಾಲ್ಕು ತಿಂಗಳಿಂದ ನಾನಿಲ್ಲೇ ಇದೀನಿ ಮೇಸ್ತ್ರಿಗಳೇ. ನನಗೊಂದು ಮಾತು ಹೇಳಬಾರದಿತ್ತಾ?’ ಎಂದಳು ಸರ್ವೆ ಹುಡುಗಿ, ಅಳುವ ದನಿಯಲ್ಲಿ.

‘ನೀವು ಕೇಳಲಿಲ್ವಲ್ಲಮ್ಮ’ ಎಂದ ಮೇಸ್ತ್ರಿ. ಅದರಲ್ಲಿ ಕೊಂಕಿರಲಿಲ್ಲ. ಮೂವತ್ತೈದು ವರ್ಷದಲ್ಲಿ ಅವನನ್ನು ಯಾರೂ ಏನೂ ಕೇಳಿರಲಿಲ್ಲ, ಅಷ್ಟೇ.

ಸೋಮವಾರ ಮ್ಯಾನೇಜರ ಕರೆ ಬಂತು. ರಜೆಯ ದಿನದ ಕೂಗು ಕ್ವಾಟ್ರಸ್ಸಿನಲ್ಲಿದ್ದ ಅವರ ಕಿವಿಗೂ ಬಿದ್ದಿತ್ತು. ಮ್ಯಾನೇಜರು ಕೆಟ್ಟ ಮನುಷ್ಯರಲ್ಲ. ಸಿಟ್ಟು ಬಂದಾಗ ಮೇಜಿನ ಮೇಲಿನ ಪೆನ್ನುಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಅವತ್ತು ಪೆನ್ನು ಮುಗಿದು ಕ್ಲಿಪ್ಪುಗಳಿಗೆ ಬಂದಿದ್ದರು.

‘ಯಾರು ಊದಿದ್ದು?’

‘ನಾನೇ ಸಾರ್. ಭಾನುವಾರದ್ದೊಂದೇ ಅಲ್ಲ.’ ಅವಳು ಇಪ್ಪತ್ತೊಂದು ವರ್ಷದ್ದನ್ನೂ ಹೇಳಿದಳು. ಬಿಡಿಸಿ, ನಿಧಾನವಾಗಿ, ಮಾಡಿದ್ದು ತಪ್ಪೆಂದೂ ಅನ್ನದೆ, ಸರಿಯೆಂದೂ ಅನ್ನದೆ.

‘ನಿಮ್ಮ ಒಳ್ಳೇತನ ನನ್ನ ತಲೆಗೆ ಬಂತಲ್ರೀ’ ಎಂದರು ಮ್ಯಾನೇಜರು.

ಬಾಗಿಲಲ್ಲಿ ಮೇಸ್ತ್ರಿ ಕಾಣಿಸಿಕೊಂಡ. ಈ ಸಲ ಅಂಗಿ ಪ್ಯಾಂಟು. ಕೈಯಲ್ಲಿ ಕ್ವಾರಿಯ ಸುರಕ್ಷತಾ ನಿಯಮದ ಪುಸ್ತಕ, ಅಟ್ಟದ ಧೂಳಿನ ಸಮೇತ. ‘ಹನ್ನೆರಡನೇ ನಿಯಮ ಓದಿ ಸಾರ್. ಪ್ರತಿ ಸಿಡಿತಕ್ಕೆ ಮುಂಚೆ ಸೈರನ್ ಕೆಲಸ ಮಾಡುತ್ತೋ ಇಲ್ವೋ ಪರೀಕ್ಷೆ ಮಾಡತಕ್ಕದ್ದು. ನಮ್ಮಲ್ಲಿ ಅದನ್ನ ಮಾಡಿದವರು ಇವಳೊಬ್ಬಳೇ. ಮಾಡಿದ್ದಕ್ಕೆ ಮನೆಗೆ ಕಳಿಸೋ ಕಾಗದ ಕೊಡ್ತೀರಾ, ಮಾಡಿಸದೆ ಇದ್ದ ಮೇಲಿನವರಿಗೆಲ್ಲ ಕೊಡ್ತೀರಾ?’

ಮ್ಯಾನೇಜರು ಹನ್ನೆರಡನೆಯ ನಿಯಮವನ್ನು ಎರಡು ಸಲ ಓದಿದರು. ಆ ಪುಸ್ತಕ ಅವರ ಮೇಜಿಗೆ ಬಂದದ್ದು ಅದೇ ಮೊದಲಿರಬೇಕು.

‘ಭಾನುವಾರದ್ದು?’

‘ಅದು ತಪ್ಪು’ ಎಂದಳು ಕೂಗಮ್ಮ, ಮೇಸ್ತ್ರಿ ಬಾಯಿ ತೆರೆಯುವ ಮೊದಲೇ. ‘ಅದಕ್ಕೆ ಏನು ಕೊಡ್ತೀರೋ ಕೊಡಿ ಸಾರ್.’

ಕೊಟ್ಟರು. ಹದಿನೈದು ದಿನ ಸಂಬಳವಿಲ್ಲದ ರಜೆ. ಕ್ಯಾಬಿನ್ ಹೋಯಿತು, ಉಳಿದ ದಿನಗಳಿಗೆ ಗೇಟಿನ ಕೆಲಸ. ಕೂಗುವವರಿಗೆಂದು ಇದ್ದ ಕೋಣೆಯೂ ಹೋಯಿತು. ಕೆಲಸ ಉಳಿಯಿತು. ಅದು ಉಳಿದದ್ದು ಹನ್ನೆರಡನೆಯ ನಿಯಮದಿಂದಲೋ, ಮೇಸ್ತ್ರಿ ಮತ್ತೆ ಮೆಟ್ಟಿಲ ಮೇಲೆ ಕೂತುಬಿಟ್ಟಾನು ಎಂಬ ಭಯದಿಂದಲೋ, ಮ್ಯಾನೇಜರು ಹೇಳಲಿಲ್ಲ.

ಸರ್ವೆ ಹುಡುಗಿ ತಾನು ಬರೆದದ್ದನ್ನು ತಾನೇ ಹೊಡೆದುಹಾಕಿ ಇನ್ನೊಂದು ತಿಂಗಳು ಕೂತು ವರದಿಯನ್ನು ಹೊಸದಾಗಿ ಬರೆದಳು. ಕಂಪನಿಗೆ ಸಿಟ್ಟು ಬಂತು. ಅವಳಿಗೆ ಕೊಡಬೇಕಿದ್ದ ಮುಂದಿನ ಕೆಲಸ ಕೊಡಲಿಲ್ಲ. ವರದಿ ಮಾತ್ರ ಅಲ್ಲಾಡಲಿಲ್ಲ. ಗಂಟೆ, ನಿಮಿಷ, ಚಿತ್ರ ಎಲ್ಲ ಇದ್ದವು. ನಲವತ್ತೊಂದನೆಯ ಪುಟದಲ್ಲಿ ಮೊಲ, ನರಿಗಳ ಸಾಲಿನಲ್ಲೇ ಪಟ್ಟೆ ಚಡ್ಡಿಯ ಮೇಸ್ತ್ರಿಯ ಚಿತ್ರವೂ ಇತ್ತು. ‘ಕೂಗಿಗೆ ಮನುಷ್ಯರೂ ಹೀಗೆಯೇ ಒಗ್ಗಿದ್ದಾರೆ’ ಎಂದು ಕೆಳಗೆ ಬರೆದಿತ್ತು. ಮೊದಲ ಪುಟದ ಕೃತಜ್ಞತೆಯಲ್ಲಿ ದೊಡ್ಡ ದೊಡ್ಡವರ ಹೆಸರುಗಳಿಗಿಂತ ಮೇಲೆ ಸೈರನ್ನಿನ ಅಮ್ಮನಿಗೆ ಎಂದಿತ್ತು. ಬಡಗಣ ದಿಬ್ಬವನ್ನು ಬಿಟ್ಟು, ಆಗಲೇ ಬೋಳಾಗಿದ್ದ ಮೂಡಣ ಕಡೆಗೆ ಮಾತ್ರ ಗುಂಡಿ ಹಿಗ್ಗಿಸಬಹುದು, ಸಿಡಿತಕ್ಕೆ ಇಪ್ಪತ್ತು ನಿಮಿಷ ಮೊದಲು ಒಂದು ಮುಂಗೂಗು ಕಡ್ಡಾಯ ಎಂದು ಮೇಲಿನಿಂದ ಆದೇಶ ಬಂತು. ಆ ದಿಬ್ಬಕ್ಕಾಗಿ ಗೇಟಿನ ಮುಂದೆ ತಿಂಗಳುಗಟ್ಟಲೆ ಗಂಟಲು ಹರಿಯುವಂತೆ ಘೋಷಣೆ ಕೂಗಿದ ಊರವರಿದ್ದರು. ಅವರಿಂದ ಆಗದ್ದು ಅರ್ಧ ಉಸಿರಿನ ಕುಂಯ್‌ನಿಂದ ಆಯಿತು. ಇದನ್ನು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ.

ಕೂಗಮ್ಮ ಈಗ ಮಗಳ ಮನೆಯಿಂದ, ಮಗಳದೇ ಬಸ್ಸಿನಲ್ಲಿ ಕ್ವಾರಿಗೆ ಬರುತ್ತಾಳೆ. ಮೊದಲ ದಿನ ಸುಮ್ಮನೆ ಕಿಟಕಿ ಪಕ್ಕ ಕೂತಿದ್ದವಳ ಮುಂದೆ ಮಗಳು ಕೈ ಚಾಚಿದಳು. ‘ಟಿಕೆಟ್ ತಗೋಮ್ಮ. ನಿಂದಾಯ್ತು, ನನ್ನ ಕೆಲಸಾನೂ ಕಳೀಬೇಡ.’ ಬಸ್ಸೆಲ್ಲ ನಕ್ಕಿತು. ಸಾರಿಗೆ ಉಪ್ಪು ಕಮ್ಮಿ ಎಂದು ಅವಳು ದಿನಾ ಹೇಳುತ್ತಾಳೆ, ದಿನಾ ಎರಡು ಸಲ ಬಡಿಸಿಕೊಳ್ಳುತ್ತಾಳೆ.

ಕ್ಯಾಬಿನ್ನಿಗೆ ಹೊಸಬನಾಗಿ ಬಂದವನು ಕ್ರಷರಿನ ಫಿಟ್ಟರು. ಆದೇಶದ ಪ್ರಕಾರ ಮೊದಲ ದಿನ ಒಂದು ನಲವತ್ತಕ್ಕೆ ಅವನು ಮುಂಗೂಗು ಊದಿದ. ನಿಷ್ಠೆಯಿಂದ, ಪೂರ್ತಿ ಅರ್ಧ ನಿಮಿಷ. ಕೂಗಮ್ಮ ಗೇಟನ್ನು ಜೊತೆಯವನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಕಬ್ಬಿಣದ ಮೆಟ್ಟಿಲು ಹತ್ತಿದಳು.

‘ಹೆಣ ಎತ್ತೋ ಹಾಗೆ ಊದಬೇಡಪ್ಪ. ಹೆದರ್ತವೆ. ಮನೆಗೆ ಬಂದವರು ಬಾಗಿಲಲ್ಲಿ ಕೆಮ್ಮಲ್ವಾ, ಹಾಗಿರಬೇಕು. ಎಲ್ಲಿ, ಬೆರಳಿಡು. ತೆಗಿ.’

ನಾಲ್ಕನೆಯ ಸಲಕ್ಕೆ ಅವನಿಗೆ ಬಂತು.

ಮುಂದಿನ ಸಿಡಿತದ ದಿನ ಸರಿಯಾಗಿ ಒಂದು ನಲವತ್ತಕ್ಕೆ ಗೇಟಿನಲ್ಲಿ ಕೂತಿದ್ದವಳಿಗೆ ತುಂಡು ಕೂಗು ಕೇಳಿಸಿತು. ಅದರ ಹಿಂದೆಯೇ, ಜಲ್ಲಿಯ ಕಡೆಯಿಂದ, ಟಿಟ್ಟಿಭ ಒಂದು ಸಲ ಕರೆಯಿತು. ಅವಳು ಎದ್ದು ಗೇಟು ಎಳೆದು ಮುಚ್ಚಿದಳು. ಖಾಲಿ ಲಾರಿಯ ಡ್ರೈವರು ತಲೆ ಹೊರಗೆ ಹಾಕಿದ.

‘ಇನ್ನೂ ಇಪ್ಪತ್ತು ನಿಮಿಷ ಇದೆಯಲ್ಲಮ್ಮ. ಬಿಡಿ, ಒಂದು ಲೋಡು ಹಾಕ್ಕೊಂಡು ಬರ್ತೀನಿ.’

‘ಆ ಕೂಗು ನಿನಗಲ್ಲ’ ಎಂದಳು ಕೂಗಮ್ಮ. ‘ಎಂಜಿನ್ ಆಫ್ ಮಾಡು. ಅವು ದಾಟ್ಲಿ.’